‘ನುರಿತ’ ಪದಕ್ಕೂ ಕಬ್ಬು ನುರಿಸುವುದಕ್ಕೂ ನಂಟಿದೆಯೇ?

ಪ್ರಶ್ನೆ – ಮಂಡ್ಯದ ಓದುಗ
ಆಲೆಮನೆಯಲ್ಲಿ ಪಾಕ ನೋಡುವ ಹಿರಿಯರೊಬ್ಬರಿಗೆ ಊರಿನಲ್ಲಿ ಸನ್ಮಾನವಿದೆ. ಫಲಕಕ್ಕೆ ‘ನುರಿತ’ ಸರಿಯೋ, ‘ಕುಶಲ’, ‘ಪ್ರವೀಣ’, ‘ನಿಪುಣ’ ಇವುಗಳಲ್ಲಿ ಒಂದು ಸರಿಯೋ? ಸಕ್ಕರೆ ಕಾರ್ಖಾನೆ ಶುರುವಾದಾಗ ಪತ್ರಿಕೆಗಳು ‘ಕಬ್ಬು ನುರಿಸುವ ಕಾರ್ಯ ಆರಂಭ’ ಎನ್ನುತ್ತವೆ. ‘ನುರಿತ ವೈದ್ಯರು’ ಎನ್ನುವಾಗಲೂ ಅದೇ ಪದವೇ?

ಪದಬೇರು
ಹೌದು, ಅದೇ ‘ನುರಿ’. ಪುಡಿಯಾಗು, ಜಜ್ಜಿಹೋಗು ಎಂಬುದು ಒಂದರ್ಥ. ಪಳಗು ಎಂಬುದು ಇನ್ನೊಂದು. ‘ಇಸು’ ಹತ್ತಿದರೆ ನುರಿಸು. ಕಲಿ–ಕಲಿತ, ಅರಿ–ಅರಿತ ಆದ ಹಾಗೆ ನುರಿ–ನುರಿತ. ಅಕ್ಕಿಯ ನುಚ್ಚೂ ಇದೇ ಬಳಗದ್ದು, ತೆಲುಗಿನಲ್ಲಿ ಅರೆಯುವುದಕ್ಕೆ ಹೇಳುವ ‘ನೂರು’ ಕೂಡ.

ಪುಡಿಯಾಗುವುದು ಪರಿಣತಿಯ ಮಾತಾದದ್ದು ವಿಚಿತ್ರವೇನಲ್ಲ. ‘ವ್ಯಾಕರಣ ಅರೆದು ಕುಡಿದವರು’ ಎನ್ನುತ್ತೇವಲ್ಲ, ಅದೇ ಜಾಡು. ಗಾಣದ ಉರುಳೆಗಳ ನಡುವೆ ಸಿಕ್ಕ ಜಲ್ಲೆ ಸಿಪ್ಪೆಯಾಗಿ ಹೊರಬರುವಂತೆ, ಕೆಲಸದಲ್ಲಿ ಮತ್ತೆ ಮತ್ತೆ ಅರೆಯಲ್ಪಟ್ಟವರು ನುರಿತವರು. ಹಾಗಾಗಿ ಈ ಪದಕ್ಕೆ ವರ್ಷಗಳ ಭಾರ ಬೇಕು. ‘ಎಂಟು ವರ್ಷದ ನುರಿತ ಬಾಲಪ್ರತಿಭೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ಲಿ ‘ಜಾಣ’, ‘ಚತುರ’ ಸಾಕು. ‘ಪಳಗಿದ ಕೈ’ ಎಂಬುದೂ ಹತ್ತಿರದ್ದೇ. ಆದರೆ ಪಳಗುವುದರಲ್ಲಿ ರೂಢಿಯಾಗುವುದು, ಹೊಂದಿಕೊಳ್ಳುವುದು ಮುಖ್ಯ. ಅದಕ್ಕೇ ದಸರೆಯ ಆನೆಯನ್ನು ಪಳಗಿಸುತ್ತಾರೆ, ನುರಿಸುವುದಿಲ್ಲ.

ದರ್ಭೆ_ಮೈಸೂರು
‘ಕುಶಲ’ದ ಬಗ್ಗೆ ಒಂದು ಮಾತು. ಕುಶ ಎಂದರೆ ದರ್ಭೆ. ಗರಿಯ ಅಂಚು ಬೆರಳು ಸೀಳುವಷ್ಟು ಹರಿತ, ಗಾಯವಾಗದಂತೆ ಅದನ್ನು ಕಿತ್ತು ತರುವವನು ಕುಶಲ ಎಂಬುದು ಹಳೆಯ ವಿವರಣೆ. ವೀಣೆಯಲ್ಲಿ ಪಳಗಿದವನು ಪ್ರವೀಣ ಎಂಬುದೂ ಅದೇ ಬಗೆಯದು. 11ನೇ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ಕಾವ್ಯಪ್ರಕಾಶದಲ್ಲಿ ‘ಕರ್ಮಣಿ ಕುಶಲಃ’ (ಕೆಲಸದಲ್ಲಿ ಕುಶಲ) ಎಂಬುದನ್ನು ರೂಢಿಲಕ್ಷಣೆಗೆ, ಅಂದರೆ ಪದ ತನ್ನ ನೇರ ಅರ್ಥ ಬಿಟ್ಟು ರೂಢಿಯಿಂದ ಬೇರೆ ಅರ್ಥ ಕೊಡುವುದಕ್ಕೆ, ಉದಾಹರಣೆ ಕೊಟ್ಟ: ಮೂಲಾರ್ಥ ದರ್ಭೆ ತರುವವನು, ಜಾಣನೆಂಬುದು ರೂಢಿಯಿಂದ ಬಂದದ್ದು ಎಂದು. ಸಾಹಿತ್ಯದರ್ಪಣದ ವಿಶ್ವನಾಥ ಒಪ್ಪಲಿಲ್ಲ. ಹಸುವಿಗೆ ಹೇಳುವ ‘ಗೌಃ’ ಎಂಬ ಪದ ಹೋಗುವುದೆಂಬ ಧಾತುವಿನಿಂದ ಬಂದಿದೆ. ನಿಮ್ಮ ಲೆಕ್ಕದಲ್ಲಿ ‘ಹಸು ಮಲಗಿದೆ’ ಎಂಬುದೂ ಲಕ್ಷಣೆಯಾಗಬೇಕಲ್ಲ ಎಂದ! ನನಗೆ ವಿಶ್ವನಾಥನ ವಾದವೇ ಗಟ್ಟಿಯಾಗಿ ಕಾಣುತ್ತದೆ. ವ್ಯುತ್ಪತ್ತಿ ಪದದ ಬಣ್ಣ ತೋರಿಸೀತು, ಬಳಕೆಯನ್ನು ಕಟ್ಟಿಹಾಕದು. ವೀಣೆ ಮುಟ್ಟದವರನ್ನೂ ಪ್ರವೀಣರೆಂದು ಧಾರಾಳವಾಗಿ ಬರೆಯಬಹುದು.

ಕರಡು ತಿದ್ದುವವ
ಫಲಕದಲ್ಲಿ ಹೆಚ್ಚಾಗಿ ಕೆಡುವುದು ಬೇರೆ ಕಡೆ: ‘ನೈಪುಣ್ಯತೆ’, ‘ಪ್ರಾವೀಣ್ಯತೆ’. ನಿಪುಣ ‘ನೈಪುಣ್ಯ’ವಾದಾಗ ಮೊದಲ ಸ್ವರ ಬದಲಾಗಿ ಕೊನೆಗೆ ‘ಯ’ ಬಂತು. ಭಾವನಾಮ ಅಲ್ಲಿಗೇ ಮುಗಿಯಿತು. ಮೇಲೆ ‘ತೆ’ ಹಚ್ಚಿದರೆ ಒಂದೇ ಕೆಲಸಕ್ಕೆ ಎರಡು ಪ್ರತ್ಯಯ. ನೈಪುಣ್ಯ ಅಥವಾ ನಿಪುಣತೆ, ಪ್ರಾವೀಣ್ಯ ಅಥವಾ ಪ್ರವೀಣತೆ ಎಂದು ಬರೆಯಿರಿ.

ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆ ಕಟ್ಟುವ ಹದವನ್ನು ಬೆರಳಲ್ಲೇ ತಿಳಿಯುವವರಿಗೆ ‘ನುರಿತ’ವೇ ಸರಿ. ‘ಬೆಲ್ಲದ ಪಾಕ ಹದ ಮಾಡುವುದರಲ್ಲಿ ನುರಿತವರು’ ಎಂದು ಬರೆಸಿ. ‘ಅಲ್ಲಿ’ ವಿಭಕ್ತಿ ಬಿಡಬೇಡಿ, ಜಾಗ ಸಾಲದೆಂದು ‘ನುರಿತರು’ ಎಂದು ಮೊಟಕು ಮಾಡಿಸಲೂಬೇಡಿ.