ಸಿಮ್ಯುಲೇಷನ್‌ನಲ್ಲಿ ಎಲ್‌ಇಡಿ ಮಿನುಗ್ತಾ ಇಲ್ಲ, ಬೋರ್ಡ್ ಮಾಡಬಹುದಾ?

ಪ್ರಶ್ನೆ: ಎರಡು ಎಲ್‌ಇಡಿ ಒಂದಾದ ಮೇಲೊಂದು ಮಿನುಗುವ ಸರ್ಕ್ಯೂಟ್ ಮಾಡ್ತಿದ್ದೇನೆ. ಎರಡು ಬಿ.ಸಿ. 547 ಟ್ರಾನ್ಸಿಸ್ಟರ್, ಬೇಸ್‌ಗಳಿಗೆ (ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡುವ ಕಾಲು) 47 ಕಿಲೋಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್. ಎಲ್‌ಟಿಸ್ಪೈಸ್‌ನಲ್ಲಿ (ಸರ್ಕ್ಯೂಟನ್ನು ಕಂಪ್ಯೂಟರ್‌ನಲ್ಲೇ ಪರೀಕ್ಷಿಸುವ ಸಾಫ್ಟ್‌ವೇರ್) ಓಡಿಸಿದರೆ ಎರಡೂ ಎಲ್‌ಇಡಿ ಸುಮ್ನೆ ಉರಿಯುತ್ತವೆ. ಗ್ರಾಫ್ ಪೂರ್ತಿ ನೇರ ಗೆರೆ. ತಾಮ್ರದ ಬೋರ್ಡ್ ಕತ್ತರಿಸಿ ಇಟ್ಟಾಗಿದೆ, ಹಾಳು ಮಾಡೋಕೆ ಮನಸ್ಸಿಲ್ಲ.

ಉತ್ತರ 1: ಸರ್ಕ್ಯೂಟ್ ಸರಿಯಾಗಿದೆ. ಸಿಮ್ಯುಲೇಟರ್ ಮೊದಲು ಸ್ಥಿರ ಸ್ಥಿತಿ ಹುಡುಕುತ್ತದೆ. ಎರಡೂ ಕಡೆ ತದ್ರೂಪ ಅಲ್ವಾ, ಎರಡೂ ಟ್ರಾನ್ಸಿಸ್ಟರ್ ಆನ್ ಆಗಿ ಅಲ್ಲೇ ನಿಂತುಬಿಡುತ್ತವೆ. ಒಂದು ಬೇಸ್‌ಗೆ ಆರಂಭದ ವೋಲ್ಟೇಜ್ 0 ಅಂತ ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು: ಬಂತು! ಒಂದು ಸುತ್ತಿಗೆ ಸುಮಾರು 0.65 ಸೆಕೆಂಡ್. ಲೆಕ್ಕಕ್ಕೂ ತಾಳೆಯಾಯ್ತು. ತುಂಬಾ ಥ್ಯಾಂಕ್ಸ್.

ಉತ್ತರ 2: ಕಾಲುಗಳ ಕ್ರಮವನ್ನು ಸಿಮ್ಯುಲೇಷನ್ ಹೇಳಿಕೊಡಲ್ಲ. 547ರ ಬದಲು 2ಎನ್3904 ಟ್ರಾನ್ಸಿಸ್ಟರ್ ಹಾಕಿದರೆ ಕಲೆಕ್ಟರ್, ಎಮಿಟರ್ ಕಾಲುಗಳು ಅದಲುಬದಲು. ಬೋರ್ಡ್‌ನ ಲೇಔಟನ್ನು (ಬಿಡಿಭಾಗ, ಗೆರೆಗಳ ನಕ್ಷೆ) ಅಳತೆಗೆ ಸರಿಯಾಗಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಬಿಡಿಭಾಗ ಚುಚ್ಚಿ ನೋಡಿ. ಆಮೇಲೆ ಎಚ್ಚಿಂಗ್ (ಬೇಡದ ತಾಮ್ರ ಕರಗಿಸೋದು).