ಕೆರೆ ಏರಿಯ ವೀರಗಲ್ಲನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಬಹುದೇ?

ಪ್ರಶ್ನೆ

ನಮ್ಮೂರ ಕೆರೆ ಏರಿಯ ಕೆಳಗೆ, ಹುಣಸೆ ಮರದ ಬುಡದಲ್ಲಿ, ಎದೆಮಟ್ಟದ ಒಂದು ಕಲ್ಲು ಇದೆ. ಬುಡ ಮಣ್ಣಿನಲ್ಲಿ ಹೂತಿದ್ದರೂ, ಬಿಲ್ಲೆಳೆದು ನಿಂತ ವೀರ, ಅವನ ಬೆನ್ನ ಹಿಂದೆ ಸಾಲುಗಟ್ಟಿದ ನಾಲ್ಕು ಹಸುಗಳು, ಎದುರಿಗೆ ಕತ್ತಿ ಹಿಡಿದ ಮೂವರು ಸ್ಪಷ್ಟವಾಗಿ ಕಾಣುತ್ತಾರೆ. ಅದರ ಮೇಲಿನ ಅಂಕಣದಲ್ಲಿ ಇಬ್ಬರು ಸ್ತ್ರೀಯರು ಅವನನ್ನು ತೋಳು ಹಿಡಿದು ಕರೆದೊಯ್ಯುತ್ತಿದ್ದಾರೆ. ತುದಿಯಲ್ಲಿ ಲಿಂಗ, ನಂದಿ, ಸೂರ್ಯ ಮತ್ತು ಚಂದ್ರ. ರಸ್ತೆ ಅಗಲವಾಗುತ್ತಿರುವುದರಿಂದ ಇದನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಿ, ಬಣ್ಣ ಬಳಿದು ನಿಲ್ಲಿಸಬೇಕೆಂದು ಹಿರಿಯರು ಹೇಳುತ್ತಿದ್ದಾರೆ. ಇದರ ಚಾರಿತ್ರಿಕ ಮಹತ್ವವೇನು, ಹೀಗೆ ಮಾಡುವುದು ಸರಿಯೇ ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1

ನೀವು ವರ್ಣಿಸಿರುವುದು ತುರುಗೊಳ್ ವೀರಗಲ್ಲು, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಎಂಬ ಮೂರು ಅಂಕಣಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸೂರ್ಯಚಂದ್ರರಿರುವುದು ಈ ಕೀರ್ತಿ ಅವರಿರುವವರೆಗೂ ಉಳಿಯಲಿ ಎಂಬುದಕ್ಕೆ. ಆ ಕಾಲದಲ್ಲಿ ದನವೇ ಊರಿನ ಸಂಪತ್ತಾಗಿದ್ದುದರಿಂದ, ದನ ಕಳೆದುಕೊಂಡ ಊರಿಗೆ ಉಳುಮೆಯೂ ಇಲ್ಲ, ಹಾಲೂ ಇಲ್ಲ. ಹೀಗೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಶಾಸನಗಳ ಮಾತುಗಳು ಇಂತಹ ದತ್ತಿಗಳಿಗೆ ಸಂಬಂಧಿಸಿದವು.

ಅರಸರ ಹೆಸರು ತಾಮ್ರಪಟಗಳಲ್ಲಿ, ದೇವಾಲಯದ ಗೋಡೆಗಳಲ್ಲಿ ಸಿಗುತ್ತದೆ. ಒಬ್ಬ ಸಾಮಾನ್ಯ ರೈತನ ಅಥವಾ ಕಾವಲುಗಾರನ ಹೆಸರು ಸಾವಿರ ವರ್ಷ ಉಳಿದಿದ್ದರೆ ಅದು ಬಹುಮಟ್ಟಿಗೆ ಇಂತಹ ಕಲ್ಲಿನಿಂದಲೇ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನ, ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತನೆಂದು ಹೇಳುತ್ತದೆ; ಕೆಂಪೇಗೌಡರಿಗೆ ಆರು ಶತಮಾನಗಳಿಗೂ ಮೊದಲೇ ಬೆಂಗಳೂರು ಎಂಬ ಹೆಸರಿತ್ತೆಂದು ನಮಗೆ ತಿಳಿದದ್ದು ಆ ಒಂದು ಸಾವಿನ ದಾಖಲೆಯಿಂದ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ಸೋಜಿಗದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದುದನ್ನು ಹೇಳುವ ಅದೇ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕವೂ ಹೌದು. ಗಂಗ ದೊರೆ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೆರ ಎಂಬ ವೀರ ಬೇಡಿ ಪಡೆದದ್ದು ಆ ನಾಯಿಯನ್ನು. ಅದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆದ್ದರಿಂದ ನಿಮ್ಮ ಕಲ್ಲಿನಲ್ಲಿ ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿವೆಯೇ ಎಂದು ಮೊದಲು ನೋಡಿ. ಬಣ್ಣವನ್ನಂತೂ ಖಂಡಿತ ಬಳಿಯಬೇಡಿ. ಅದು ಸಣ್ಣ ಗೆರೆಗಳಲ್ಲಿ ತುಂಬಿಕೊಂಡರೆ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆಯುವುದು ಕಷ್ಟ. ತಂತಿ ಬ್ರಷ್, ಆಸಿಡ್ ಕೂಡ ಬೇಡ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಸಾಗಿಸುವ ವಿಷಯವನ್ನು ಅವರು ಮುಟ್ಟಲಿಲ್ಲ. ಕಲ್ಲು ನಿಂತಿರುವ ಜಾಗವೂ ದಾಖಲೆಯ ಒಂದು ಭಾಗ. ಕಾಳಗ ನಡೆದದ್ದು ಅಲ್ಲಿಯೇ ಇರಬಹುದು, ಹಳೆಯ ಊರಿನ ಗಡಿಯೋ ದನ ಹೋಗುತ್ತಿದ್ದ ದಾರಿಯೋ ಅಲ್ಲಿದ್ದಿರಬಹುದು. ಕಿತ್ತು ತಂದ ಮೇಲೆ ಇದನ್ನು ಯಾರೂ ಊಹಿಸಲಾರರು. ಹಾಗೆಂದು, ಜೆಸಿಬಿ ಬರುವ ದಿನದವರೆಗೆ ತತ್ತ್ವ ಹಿಡಿದು ಕೂರುವುದೂ ತಪ್ಪು. ಆತಕೂರಿನ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದದ್ದರಿಂದ ಅದನ್ನು ಇಂದು ನಾವು ಓದಬಹುದಾಗಿದೆ. ರಸ್ತೆಯನ್ನು ಎರಡು ಗಜ ಸರಿಸಲು ಸಾಧ್ಯವೇ ಎಂದು ಮೊದಲು ಪಂಚಾಯಿತಿಯಲ್ಲಿ ಕೇಳಿ, ಪುರಾತತ್ತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ. ಅನಿವಾರ್ಯವಾದರೆ ಮಾತ್ರ, ಮುಖ ಯಾವ ದಿಕ್ಕಿಗಿತ್ತು, ಎಷ್ಟು ಆಳ ಹೂತಿತ್ತು ಎಂಬುದನ್ನು ಅಳತೆ ಮತ್ತು ಚಿತ್ರಗಳೊಂದಿಗೆ ಬರೆದಿಟ್ಟು, ಇಲಾಖೆಯವರ ಎದುರಿನಲ್ಲೇ ಎತ್ತಿಸಿ.

ಪಕ್ಕದಲ್ಲಿ, ಬಳೆ ತೊಟ್ಟ ಕೈಯೊಂದು ಮೇಲಕ್ಕೆ ಮಡಚಿ ನಿಂತಂತಿರುವ ಕಲ್ಲೇನಾದರೂ ಇದೆಯೇ? ಇದ್ದರೆ ಅದು ಮಾಸ್ತಿಗಲ್ಲು, ಅಂದರೆ ಸಹಗಮನ ಮಾಡಿದ ಹೆಂಡತಿಯ ಗುರುತು. ಒಂದನ್ನು ಎತ್ತಿ ಇನ್ನೊಂದನ್ನು ಬಿಡಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ನಿನ್ನೆ ಸಂಜೆ ಬರಿ ನೀರಿನಿಂದ, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆವು. ಹಗಲಿನಲ್ಲಿ ನುಣ್ಣಗೆ ಕಾಣುತ್ತಿದ್ದ ಕೆಳಗಿನ ಪಟ್ಟಿಯಲ್ಲಿ ಅಕ್ಷರಗಳು ನೆರಳಿನಂತೆ ಎದ್ದು ಬಂದವು. ಎರಡು ಸಾಲುಗಳಿವೆ, ನಮಗೆ ಓದಲಾದದ್ದು "ತುರುವಂ" (ದನಗಳನ್ನು) ಎಂಬ ಒಂದು ಪದ ಮತ್ತು ಕೊನೆಯಲ್ಲಿ "ಸತ್ತಂ" (ಸತ್ತನು). ಹೆಸರಿರಬೇಕಾದ ಜಾಗದಲ್ಲಿ ಚಕ್ಕೆ ಎದ್ದಿದೆ. ಬಣ್ಣದ ಡಬ್ಬಿ ತಂದಿದ್ದ ಹಿರಿಯರೇ ಟಾರ್ಚ್ ಹಿಡಿದಿದ್ದರು, ಡಬ್ಬಿಯನ್ನು ಹಿಂದಿರುಗಿಸಿದ್ದಾರೆ. ಮಾಸ್ತಿಗಲ್ಲು ಕಾಣಲಿಲ್ಲ, ಆದರೆ ಪೊದೆಯೊಳಗೆ ಇನ್ನೊಂದು ಕಲ್ಲಿನ ತುದಿ ಇದೆ. ಅದನ್ನು ಅಗೆಯದೆ ಹಾಗೆಯೇ ಬಿಟ್ಟು, ಎರಡರ ಚಿತ್ರಗಳನ್ನೂ ಇಲಾಖೆಗೆ ಬರೆದ ಪತ್ರದೊಂದಿಗೆ ಸೋಮವಾರ ಕಳುಹಿಸುತ್ತೇವೆ.