‘ಒಸ್ಟ್‌ವೆರ್ಟ್ಸ್’ ಪೂರ್ವಕ್ಕೆ ಹೋಗುತ್ತದೆಯೋ, ಪೂರ್ವದಲ್ಲೇ ಇರುತ್ತದೆಯೋ?

ಕೇಳಿದವರು: ಎರಡನೇ ಮಹಾಯುದ್ಧದ ಜರ್ಮನ್ ರೆಜಿಮೆಂಟೊಂದರ ಯುದ್ಧ ದಿನಚರಿಯನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ಊರಿನ ಹೆಸರಿಗೆ ಮೊದಲು ‘3 ಕಿ.ಮೀ. ಒಸ್ಟ್‌ವೆರ್ಟ್ಸ್’ ಎಂದು ಪದೇ ಪದೇ ಬರುತ್ತದೆ. ‘ಈಸ್ಟ್‌ವರ್ಡ್’ ಎಂದು ಬರೆದರೆ ಕಂದಕದಲ್ಲಿ ಕುಳಿತವರೂ ನಡೆಯುತ್ತಿರುವಂತೆ ಕಾಣುತ್ತದೆ. ಈ ಕೆಲಸ ಮಾಡಿದವರು ಅನುಭವ ತಿಳಿಸುತ್ತೀರಾ?

ಉತ್ತರ: ನಾನೂ ಅದೇ ಹಳ್ಳಕ್ಕೆ ಬಿದ್ದಿದ್ದೆ. ಅದು ಚಲನೆಯಲ್ಲ, ಇರುವ ಜಾಗ. ‘ಈಸ್ಟ್ ಆಫ್’ ಎಂದು ಬರೆಯಿರಿ. ಇದಕ್ಕೆ ಮಾಮೂಲು ಜರ್ಮನ್ ಪದ ‘ಎಸ್ಟ್‌ಲಿಶ್’, ಮೊದಲ ಸ್ವರವನ್ನು ತುಟಿ ದುಂಡಗೆ ಮಾಡಿ ಹೇಳಬೇಕು. ಪಶ್ಚಿಮಕ್ಕೆ ‘ವೆಸ್ಟ್‌ಲಿಶ್’. ಗರಗರ ಎನ್ನುವ ಫೀಲ್ಡ್ ಟೆಲಿಫೋನಿನಲ್ಲಿ ಒಂದು ಇನ್ನೊಂದರಂತೆ ಕೇಳಿಸಿದರೆ ಗುಂಡು ತಮ್ಮವರ ಮೇಲೇ ಬೀಳುತ್ತದೆ. ಅದಕ್ಕೇ ಸೇನೆ ಪೂರ್ವಕ್ಕೆ ಮಾತ್ರ ‘ಒಸ್ಟ್‌ವೆರ್ಟ್ಸ್’ ಎಂದು ಇಟ್ಟುಕೊಂಡಿತು. ನಿಮ್ಮ ಪುಟವನ್ನೇ ನೋಡಿ, ಉಳಿದ ಮೂರು ದಿಕ್ಕುಗಳಿಗೆ ‘ಲಿಶ್’ ಬಾಲವೇ ಇರುತ್ತದೆ. ನಿಜವಾಗಿ ಪೂರ್ವಕ್ಕೆ ಹೊರಟಿದ್ದರೆ ಸಾಮಾನ್ಯವಾಗಿ ‘ನಾಖ್ ಒಸ್ಟೆನ್’ ಎಂದಿರುತ್ತದೆ. ‘ಹಾರ್ಟ್ ಒಸ್ಟ್‌ವೆರ್ಟ್ಸ್’ ಬಂದರೆ ಊರಿಗೆ ಅಂಟಿಕೊಂಡಂತೆ ಪೂರ್ವದಲ್ಲಿ, ‘ಜಸ್ಟ್ ಈಸ್ಟ್ ಆಫ್’. ನಾನು ‘ಹಾರ್ಡ್’ ಎಂದು ಬರೆದು ಸಂಪಾದಕರಿಂದ ಬೈಸಿಕೊಂಡಿದ್ದೇನೆ.

ಇನ್ನೊಬ್ಬರು: ಎಡ-ಬಲದಲ್ಲೂ ಎಚ್ಚರ. ‘ಬಲಗಡೆಯ ನೆರೆ ತುಕಡಿ’ ಎಂದರೆ ಶತ್ರುವಿನ ಕಡೆ ಮುಖ ಮಾಡಿ ನಿಂತಾಗಿನ ಬಲ. ನದಿಗೆ ಮಾತ್ರ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕವೇ, ನೀರು ಹರಿಯುವ ಕಡೆ ಮುಖ. ಹಾಗಾಗಿ ಸ್ಟಾಲಿನ್‌ಗ್ರಾಡ್ ಇರುವುದು ವೋಲ್ಗಾದ ಬಲದಂಡೆಯಲ್ಲಿ, ಅಂದರೆ ಪಶ್ಚಿಮಕ್ಕೆ. ಅಲ್ಲಿನ ‘ಹೋಎ 102,0’ ಎಂಬುದು ಮಮಾಯೆವ್ ಕುರ್ಗಾನ್ ದಿಬ್ಬ. ನಕ್ಷೆಯಲ್ಲಿ ನಮೂದಾದ ಎತ್ತರವೇ, ಮೀಟರಿನಲ್ಲಿ, ಅದರ ಹೆಸರು. ‘ಹಿಲ್ 102.0’ ಎನ್ನಿ, ಅಲ್ಪವಿರಾಮವನ್ನು ಚುಕ್ಕಿ ಮಾಡಿ. ಆದರೆ ಊರಿನ ಹೆಸರಿನ ಜೊತೆ ‘ಔಫ್ ಹೋಎ’ ಬಂದರೆ ಅಲ್ಲಿ ಗುಡ್ಡವನ್ನು ಹುಡುಕಬೇಡಿ. ಆ ಊರಿನ ಸರಿಸಮಕ್ಕೆ ಬಂದಿದ್ದಾರೆ ಎಂದಷ್ಟೇ ಅರ್ಥ.

ಮತ್ತೊಬ್ಬರು: ಕೋನ ಅಳೆಯುವ ‘ಶ್ಟ್ರಿಖ್’ ಸಿಕ್ಕರೆ ಮೊದಲು ಅದು ಯಾರ ದಿನಚರಿ ಎಂದು ನೋಡಿ. ಭೂಸೇನೆಯಲ್ಲಿ ಪೂರ್ಣ ವೃತ್ತಕ್ಕೆ 6400 ಶ್ಟ್ರಿಖ್, ಇಂಗ್ಲಿಷಿನಲ್ಲಿ ‘ಮಿಲ್’. ನೌಕಾಪಡೆಯಲ್ಲಿ ಬರೀ 32, ಅದು ‘ಪಾಯಿಂಟ್’. ಎರಡು ಶ್ಟ್ರಿಖ್ ಎಂದರೆ ಹಡಗಿನಲ್ಲಿ 22.5 ಡಿಗ್ರಿ, ಫಿರಂಗಿಯ ಬಳಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

ಕೇಳಿದವರು: ಮೊದಲ ಪುಟದಲ್ಲೇ ಹನ್ನೊಂದು ‘ಈಸ್ಟ್‌ವರ್ಡ್’ ಹೊಡೆದುಹಾಕಿದೆ. ‘ಇಮ್ ರೌಮ್ ಖಾರ್ಕೊವ್’ ಎಂದಿದೆಯಲ್ಲ, ಆ ‘ರೌಮ್’ ಅನ್ನು ಏನು ಮಾಡಲಿ? ನಿಘಂಟು ಕೋಣೆ ಎನ್ನುತ್ತದೆ.

ಉತ್ತರ: ‘ಇನ್ ದಿ ಖಾರ್ಕೊವ್ ಏರಿಯಾ’. ಕೋಣೆಯನ್ನು ಮರೆತುಬಿಡಿ.